ಹಿತ್ತಲಲ್ಲಿ ಐದಾರು ಕೋಳಿ: ತತ್ತಿ ಸಿಗುತ್ತಾ, ತಲೆನೋವು ಸಿಗುತ್ತಾ?

ಸತ್ತೂರು ಹಿತ್ತಲು · ಮೇ 11

ನಮಸ್ಕಾರ ಎಲ್ಲರಿಗೂ. ನಾವು ಧಾರವಾಡದ ಸತ್ತೂರು ಕಡೆಯವರು. ಮನೆ ಹಿಂದೆ 20 ಅಡಿ ಉದ್ದ, 12 ಅಡಿ ಅಗಲದ ಜಾಗ ಇದೆ. ಒಂದು ನುಗ್ಗೆ ಗಿಡ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಅಷ್ಟೇ. ಅಲ್ಲಿ ಐದಾರು ಕೋಳಿ ಸಾಕಬೇಕು ಅಂತ ಆಸೆ. ಮಾಂಸಕ್ಕಲ್ಲ, ಬರೀ ತತ್ತಿಗೆ.

ಮನೆಯಲ್ಲಿ ಈಗಾಗಲೇ ಎರಡು ಪಕ್ಷ ಆಗಿದೆ. ಅತ್ತೆ ಕುಂದಗೋಳ ಕಡೆ ಹಳ್ಳಿಯವರು. "ಕೋಳಿಗ್ಯಾಕ ಬಂಗಲೆ? ರಾತ್ರಿ ಒಂದು ಬುಟ್ಟಿ ಡಬ್ಬು ಹಾಕಿದ್ರ ಮುಗೀತು" ಅನ್ನುತ್ತಾರೆ. ಯಜಮಾನರು ವಿಡಿಯೊ ನೋಡಿ ನೋಡಿ ಎರಡು ಅಂತಸ್ತಿನ ಗೂಡಿನ ನಕ್ಷೆ ಬರೆದಿಟ್ಟಿದ್ದಾರೆ.

ನನ್ನ ಪ್ರಶ್ನೆ ಇಷ್ಟು. ಯಾವ ಜಾತಿ ತರಬೇಕು? ಹುಂಜ ಬೇಕೇ ಬೇಕಾ? ತಿಂಗಳಿಗೆ ಎಷ್ಟು ಖರ್ಚು? ಇನ್ನೊಂದು ಮಾತು, ಪಕ್ಕದ ಮನೆಯ ಅಜ್ಜಿ ಶುದ್ಧ ಸಸ್ಯಾಹಾರಿ. ನಮಗೆ ತುಂಬಾ ಬೇಕಾದವರು. ಅವರಿಗೆ ಬೇಜಾರಾಗದ ಹಾಗೆ ಸಾಕಲು ಆಗುತ್ತಾ?

ಕೇಶ್ವಾಪುರ ಮಹಡಿ · ಮೇ 11

ಅಕ್ಕಾರೇ, ಏನಾದರೂ ಮಾಡಿ, ಬೀದಿಯಲ್ಲಿ ಬುಟ್ಟಿಯಲ್ಲಿ ಮಾರುವ ಗುಲಾಬಿ, ಹಸಿರು ಬಣ್ಣದ ಮರಿ ಮಾತ್ರ ತರಬೇಡಿ. ನಾನು ತಂದಿದ್ದೆ. ಮಕ್ಕಳು ಹಟ ಮಾಡಿದರು, ಎಂಟು ಮರಿ ತಂದೆ. ಅದರಲ್ಲಿ ಮೂರು ಮರಿ ನಾಲ್ಕೇ ದಿನಕ್ಕೆ ಸತ್ತವು. ಉಳಿದ ಐದನ್ನು ಮಗುವಿನ ಹಾಗೆ ಸಾಕಿದೆವು. ತತ್ತಿ ಬರುತ್ತೆ, ತತ್ತಿ ಬರುತ್ತೆ ಅಂತ ಐದು ತಿಂಗಳು ಕಾದೆವು. ಒಂದು ಬೆಳಗ್ಗೆ ನಾಲ್ಕೂವರೆಗೆ ಐದೂ ಒಟ್ಟಿಗೆ ಕೂಗಿದವು.

ಆಮೇಲೆ ಗೊತ್ತಾಯಿತು. ತತ್ತಿ ಜಾತಿಯ ಕೋಳಿಗಳ ಹ್ಯಾಚರಿಯಲ್ಲಿ ಗಂಡು ಮರಿಗೆ ಬೆಲೆ ಇಲ್ಲ. ತತ್ತಿ ಇಡಲ್ಲ, ಮಾಂಸಕ್ಕೂ ಬೇಗ ಬೆಳೆಯಲ್ಲ. ಅವೇ ಬಣ್ಣ ಹಚ್ಚಿಕೊಂಡು ಬೀದಿಗೆ ಬರುತ್ತವೆ.

ವಿದ್ಯಾನಗರ ನಿದ್ದೆಗೆಟ್ಟವ · ಮೇ 12

ನಾನು ಕೋಳಿ ಸಾಕುವವನಲ್ಲ, ಕೋಳಿ ಸಾಕುವವರ ಪಕ್ಕದ ಮನೆಯವನು. ಆ ಕಡೆಯ ಮಾತೂ ಒಂದಿಷ್ಟು ಕೇಳಿ. ನಮ್ಮ ಗೋಡೆಗೆ ಹತ್ತಿದಂತೆ ಅವರ ಗೂಡು. ಮಳೆಗಾಲದಲ್ಲಿ ಊಟಕ್ಕೆ ಕೂತರೆ ವಾಸನೆ. ನಸುಕಿನಲ್ಲಿ ಹುಂಜ. ಒಂದು ಸಲ ಹೋಗಿ ಹೇಳಿದರೆ "ಪ್ರಕೃತಿ ಸರ್" ಅಂದರು. ಪ್ರಕೃತಿ ನನಗೂ ಇದೆ, ಅದು ಎಂಟು ಗಂಟೆ ನಿದ್ದೆ ಕೇಳುತ್ತದೆ.

ಲಕ್ಷ್ಮೇಶ್ವರ ದವಾಖಾನಿ · ಮೇ 12

ಮೇಲಿನವರು ಹೇಳಿದ್ದು ನ್ಯಾಯವಾಗಿದೆ. ನಾನು ಗದಗ ಜಿಲ್ಲೆಯಲ್ಲಿ ದನದ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದೊಂದಾಗಿ ಹೇಳುತ್ತೇನೆ.

ತತ್ತಿಗೆ ಹುಂಜ ಬೇಡ. ಹೇಂಟೆ ಹುಂಜ ಇಲ್ಲದೆಯೂ ತತ್ತಿ ಇಡುತ್ತದೆ. ಮರಿ ಬೇಕಾದರೆ ಮಾತ್ರ ಹುಂಜ ಬೇಕು. ಹುಂಜ ಇಲ್ಲದ ಮನೆಯ ತತ್ತಿಯೊಳಗೆ ಜೀವ ಆಗುವುದೇ ಇಲ್ಲ. ನಿಮ್ಮ ಪಕ್ಕದ ಮನೆ ಅಜ್ಜಿಗೆ ಇದನ್ನು ಹೇಳಬಹುದು, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಒಂದು ತತ್ತಿ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಬರೀ ಸಿಪ್ಪೆ ಕಟ್ಟುವುದಕ್ಕೇ ಹೋಗುತ್ತದೆ. ಅದಕ್ಕೇ ಎಷ್ಟೇ ಒಳ್ಳೆಯ ಕೋಳಿಯಾದರೂ ದಿನಕ್ಕೊಂದರ ಮೇಲೆ ನಿರೀಕ್ಷೆ ಮಾಡಬೇಡಿ.

ಜಾತಿ ವಿಷಯ. ನಮ್ಮ ಜವಾರಿ ಕೋಳಿ ವರ್ಷಕ್ಕೆ 50ರಿಂದ 70 ತತ್ತಿ ಇಡುತ್ತದೆ. ಹತ್ತು ಹದಿನೈದು ಇಟ್ಟು ಕಾವಿಗೆ ಕೂತುಬಿಡುತ್ತದೆ. ಸ್ವರ್ಣಧಾರ ನಮ್ಮ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ತಳಿ, 2005ರಲ್ಲಿ ಬಂತು. ಅದು 180ರ ಆಸುಪಾಸು ಇಡುತ್ತದೆ. ಹೈದರಾಬಾದಿನ ಗ್ರಾಮಪ್ರಿಯ ಅದಕ್ಕಿಂತ ಸ್ವಲ್ಪ ಜಾಸ್ತಿ. ವನರಾಜ, ಗಿರಿರಾಜ ಮೈ ತುಂಬಿಕೊಳ್ಳುತ್ತವೆ, ಬರೀ ತತ್ತಿಗೆ ಅಂದರೆ ಅವು ಎರಡನೇ ಸಾಲು. ಕಡಕನಾಥ ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ. ಅದರ ಹೆಸರು ಜೋರು, ತತ್ತಿ ಕಡಿಮೆ.

ನೀವು ಒಂದು ದಿನದ ಮರಿ ತರಬೇಡಿ. ಮೊದಲ ವಾರ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರವಾರ ಇಳಿಸುತ್ತಾ ಹೋಗಬೇಕು. ಹೊಸಬರಿಗೆ ಅದು ಕಷ್ಟ. ಎರಡು ಮೂರು ತಿಂಗಳ ಹೇಂಟೆ ಮರಿ ತನ್ನಿ. ತರುವಾಗ ಒಂದೇ ಪ್ರಶ್ನೆ ಕೇಳಿ: ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಆಗಿದೆಯಾ, ಯಾವ ವಯಸ್ಸಿಗೆ? ಐದರಿಂದ ಏಳನೇ ದಿನಕ್ಕೆ ಕಣ್ಣಿಗೆ ಹನಿ ಹಾಕುವ ಲಸೋಟಾ, ಎಂಟನೇ ವಾರಕ್ಕೆ ಚುಚ್ಚುವ ಆರ್‌ಟುಬಿ. ಈ ಎರಡೂ ಆಗಿರಬೇಕು. ತಡವರಿಸಿದರೆ ಅಲ್ಲಿ ಕೊಳ್ಳಬೇಡಿ.

ಹಳೇ ಹುಬ್ಬಳ್ಳಿ ಕಾಕಾ · ಮೇ 12

ಸಾಹೇಬ್ರು ಹೇಳಿದ್ದಕ್ಕೆ ಎದುರು ಮಾತಾಡುತ್ತಿಲ್ಲ. ಆದರೆ ತಂಗೀ, ನಾನು 30 ವರ್ಷದಿಂದ ಜವಾರಿ ಬಿಟ್ಟು ಬೇರೆ ಸಾಕಿಲ್ಲ. ಸ್ವರ್ಣಧಾರ ತತ್ತಿ ಜಾಸ್ತಿ ಇಡುತ್ತದೆ, ಖರೆ. ಆದರೆ ಅದಕ್ಕೆ ಚೀಲದ ಫೀಡು ಬೇಕು. ಜವಾರಿ ಹಿತ್ತಲೆಲ್ಲ ಕೆದರಿ ಗೆದ್ದಲು, ಹುಳ, ಬಿದ್ದ ಕಾಳು ತಿಂದು ತತ್ತಿ ಇಡುತ್ತದೆ. ಹದ್ದು ಬಂದರೆ ಗಿಡದ ಬುಡಕ್ಕೆ ಓಡುತ್ತದೆ. ನಿಮ್ಮ ಸುಧಾರಿತ ಕೋಳಿ ಹದ್ದು ನೋಡಿ "ಯಾರು ಬಂದ್ರಪಾ" ಅಂತ ಕತ್ತೆತ್ತಿ ನಿಲ್ಲುತ್ತದೆ.

ಮರಿ ಮಾಡಿಕೊಳ್ಳಬಹುದು, ಅದು ಇನ್ನೊಂದು ಲಾಭ. 21 ದಿನ ತಾಯಿನೇ ಕೂತು ಮಾಡಿಕೊಡುತ್ತದೆ. ಕರೆಂಟಿಲ್ಲ, ಮಶೀನಿಲ್ಲ.

ಲಕ್ಷ್ಮೇಶ್ವರ ದವಾಖಾನಿ · ಮೇ 12

ಕಾಕಾ ಅವರ ಮಾತು ಹಳೇ ಹುಬ್ಬಳ್ಳಿಯ ದೊಡ್ಡ ಹಿತ್ತಲಿಗೆ ಸರಿ. 20 ಅಡಿ ಹಿತ್ತಲಲ್ಲಿ ಹದಿನೈದೇ ದಿನಕ್ಕೆ ಹುಲ್ಲು, ಹುಳ ಎಲ್ಲ ಖಾಲಿ. ಆಮೇಲೆ ಜವಾರಿಗೂ ಚೀಲದ ಫೀಡೇ ಗತಿ. ಹಾಗಿದ್ದ ಮೇಲೆ 60 ತತ್ತಿ ಇಡುವ ಕೋಳಿಗೆ ಹಾಕುತ್ತೀರೋ, 180 ಇಡುವುದಕ್ಕೆ ಹಾಕುತ್ತೀರೋ? ಮರಿ ವಿಷಯದಲ್ಲಿ ಮಾತ್ರ ಅವರ ಮಾತು ಸರಿ: ಸುಧಾರಿತ ತಳಿಯ ತತ್ತಿಯಿಂದ ಮರಿ ಮಾಡಿದರೆ ತಾಯಿಯ ಗುಣ ಹಾಗೇ ಬರುವುದಿಲ್ಲ. ಪ್ರತಿ ಸಲ ಹೊಸ ಮರಿ ಕೊಳ್ಳಬೇಕು.

ನವನಗರ ಲೆಕ್ಕಪತ್ರ · ಮೇ 13

ಖರ್ಚು ಕೇಳಿದ್ದೀರಿ. ನಾನು ಪ್ರತಿ ತತ್ತಿ ನೋಟ್‌ಬುಕ್ಕಿನಲ್ಲಿ ಬರೆದಿಡುವವನು. ಮನೆಯವರು ನಗುತ್ತಾರೆ, ನಗಲಿ.

ಆರು ಗ್ರಾಮಪ್ರಿಯ. ಗೂಡಿಗೆ 9,000 ರೂಪಾಯಿ ಆಯಿತು. ಒಂದು ಕೋಳಿ ದಿನಕ್ಕೆ 110 ಗ್ರಾಂ ತಿನ್ನುತ್ತದೆ ಅಂತ ಹಿಡಿಯಿರಿ, ಆರಕ್ಕೆ 660 ಗ್ರಾಂ, ವರ್ಷಕ್ಕೆ 240 ಕಿಲೋ ಹತ್ತಿರ. ಸೊಪ್ಪು, ಅಡುಗೆಮನೆಯದ್ದು ಅಂತ 40 ಕಿಲೋ ಉಳಿಸಿದೆ. 200 ಕಿಲೋ ಕೊಂಡೆ. ನನಗೆ ಕಿಲೋ 36ಕ್ಕೆ ಸಿಕ್ಕಿತು, ಒಟ್ಟು 7,200. ಮೊದಲ ವರ್ಷ ಬಂದ ತತ್ತಿ 1,020. ಬರೀ ಫೀಡಿನ ಲೆಕ್ಕದಲ್ಲೇ ಒಂದು ತತ್ತಿಗೆ 7 ರೂಪಾಯಿ ದಾಟಿತು. ಗೂಡಿನ ಖರ್ಚನ್ನು ಐದು ವರ್ಷಕ್ಕೆ ಹಂಚಿದರೆ ಇನ್ನೂ ಒಂದು ಮುಕ್ಕಾಲು. ಔಷಧಿ, ಹೊಟ್ಟು ಬೇರೆ. ಹತ್ತಿರ ಒಂಬತ್ತು ರೂಪಾಯಿ.

ಕಿರಾಣಿ ಅಂಗಡಿಯ ಫಾರಂ ತತ್ತಿ ಇದಕ್ಕಿಂತ ಅಗ್ಗ. ಆದ್ದರಿಂದ ದುಡ್ಡು ಉಳಿಸಲು ಅಂತ ಶುರು ಮಾಡಬೇಡಿ. ಎರಡನೇ ವರ್ಷ ತತ್ತಿ ಇನ್ನೂ ಕಡಿಮೆ ಆಗುತ್ತದೆ. ವರ್ಷಕ್ಕೊಮ್ಮೆ ಗರಿ ಉದುರಿಸುವಾಗ ಎರಡು ತಿಂಗಳು ಪೂರ್ತಿ ರಜೆ.

ಇನ್ನೊಂದು ಯಾರೂ ಹೇಳಲ್ಲ. ಶ್ರಾವಣ! ನಮ್ಮ ಮನೆಯಲ್ಲಿ ಶ್ರಾವಣ ಪೂರ್ತಿ ತತ್ತಿ ಮುಟ್ಟಲ್ಲ. ಕೋಳಿಗೆ ಶ್ರಾವಣ ಗೊತ್ತಿಲ್ಲ. ಹೋದ ವರ್ಷ ಫ್ರಿಜ್ಜಿನಲ್ಲಿ 90ಕ್ಕೂ ಜಾಸ್ತಿ ತತ್ತಿ ಕೂತಿದ್ದವು. ಅಕ್ಕಪಕ್ಕ ಕೊಡೋಣ ಅಂದರೆ ಅವರದೂ ಶ್ರಾವಣ.

ಕೇಶ್ವಾಪುರ ಮಹಡಿ · ಮೇ 13

ಶ್ರಾವಣದ ತತ್ತಿ ತೊಳೆಯದೆ ಇಟ್ಟರೆ ಫ್ರಿಜ್ಜಿನಲ್ಲಿ ಒಂದು ತಿಂಗಳು ಆರಾಮಾಗಿ ಇರುತ್ತವೆ. ಸಿಪ್ಪೆ ಮೇಲೆ ಕಾಣದ ಒಂದು ಪದರ ಇರುತ್ತದೆ, ತೊಳೆದರೆ ಅದು ಹೋಗುತ್ತದೆ. ಹೊಲಸು ಹತ್ತಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ಅನುಮಾನ ಬಂದರೆ ನೀರಲ್ಲಿ ಹಾಕಿ. ಮುಳುಗಿ ಮಲಗಿದರೆ ತಾಜಾ, ನಿಂತುಕೊಂಡರೆ ಹಳೇದು, ತೇಲಿದರೆ ಬಿಸಾಕಿ.

ರಾಣೆಬೆನ್ನೂರು ಗೋವಿನಜೋಳ · ಮೇ 14

ಗೂಡಿನ ಬಗ್ಗೆ ನಾನು ಬರೆಯುತ್ತೇನೆ, ಯಾಕಂದ್ರೆ ಇದರಲ್ಲಿ ನಾನು ಒಂದೇ ರಾತ್ರಿ ಒಂಬತ್ತು ಕೋಳಿ ಕಳೆದುಕೊಂಡವನು.

ಗೂಡಿಗೆ ಅಂಗಡಿಯಲ್ಲಿ ಸಿಗುವ ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಳಿ ಹಾಕಿಸಿದ್ದೆ. ಅದು ಕೋಳಿಯನ್ನು ಒಳಗಿಡುವ ಜಾಳಿ, ಶತ್ರುವನ್ನು ಹೊರಗಿಡುವ ಜಾಳಿ ಅಲ್ಲ. ನಾಯಿ ಹಲ್ಲಲ್ಲೇ ಎಳೆದು ಹರಿಯುತ್ತದೆ. ನನ್ನಲ್ಲಿ ಬಂದದ್ದು ಮುಂಗುಸಿ, ನಮ್ಮ ಕಡೆ ಮುಂಗಲಿ ಅಂತೀವಿ. ಬಾಗಿಲ ಕೆಳಗೆ ಮೂರು ಬೆರಳು ಸಂದು ಇತ್ತು, ಅಷ್ಟು ಸಾಕಾಯಿತು. ತಿಂದದ್ದು ಒಂದೋ ಎರಡೋ. ಉಳಿದದ್ದನ್ನು ಸುಮ್ನೆ ಕುತ್ತಿಗೆ ಕಚ್ಚಿ ಬಿಟ್ಟು ಹೋಗಿತ್ತು. ಬೆಳಗ್ಗೆ ಆ ಗೂಡಿನ ಬಾಗಿಲು ತೆಗೆದದ್ದು ಇವತ್ತಿಗೂ ಕಣ್ಣ ಮುಂದಿದೆ.

ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ. ತುಟ್ಟಿ, ಆದರೂ ಅದನ್ನೇ ಹಾಕಿಸಿ. ಇಲಿ, ಹೆಗ್ಗಣ, ತತ್ತಿಗೆ ಬರುವ ಕೇರೆ ಹಾವು, ಎಲ್ಲಕ್ಕೂ ಅದೇ ಉತ್ತರ. ಗೂಡಿನ ಸುತ್ತ ಮೆಶ್ಶನ್ನು ಒಂದು ಅಡಿ ನೆಲದಲ್ಲಿ ಹೂಳಿ, ಇಲ್ಲಾಂದ್ರೆ ಅಡಿಗೆ ಫರಸಿ ಹಾಸಿ. ಚಿಲಕ ಎರಡು ಇರಲಿ. ಒಂದು ಕೋಳಿಗೆ ಮಲಗುವ ಗೂಡಲ್ಲಿ ಎರಡು ಮೂರು ಚದರ ಅಡಿ, ಹಗಲು ಓಡಾಡಲು ಎಂಟು ಹತ್ತು ಚದರ ಅಡಿ ಲೆಕ್ಕ ಹಾಕಿ. ಕೂರಲು ಒಂದೂವರೆ ಎರಡು ಇಂಚು ದಪ್ಪದ ಕಟ್ಟಿಗೆ ಅಡ್ಡ ಹಾಕಿ. ತತ್ತಿ ಇಡಲು ಒಂದಡಿ ಅಗಲದ ಕತ್ತಲೆ ಡಬ್ಬಿ, ನಾಲ್ಕೈದು ಕೋಳಿಗೆ ಒಂದೇ ಸಾಕು. ಎರಡಿಟ್ಟರೂ ಎಲ್ಲವೂ ಒಂದರಲ್ಲೇ ಇಡುತ್ತವೆ, ಹೊರಗೆ ಸರದಿ ನಿಲ್ಲುತ್ತವೆ!

ಮೇಲೆ ಪತ್ರಾಸ್ (ತಗಡು) ಹಾಕಿದರೆ ಬೇಸಿಗೆಗೆ ಅದರ ಮೇಲೆ ತೆಂಗಿನ ಗರಿ ಅಥವಾ ಜೋಳದ ಕಣಿಕೆ ಹೊದಿಸಿ. ಬರೀ ಪತ್ರಾಸ್ ಆದರೆ ಏಪ್ರಿಲ್‌ನಲ್ಲಿ ಕೋಳಿ ಬೇಯುತ್ತವೆ.

ಹಳೇ ಹುಬ್ಬಳ್ಳಿ ಕಾಕಾ · ಮೇ 14

ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರಿ (ಕಪ್ಪು) ಮಣ್ಣಿನವರು ಇನ್ನೊಂದು ಮಾಡಬೇಕು. ಗೂಡಿನ ಜಾಗಕ್ಕೆ ಒಂದು ಅಡಿ ಗರಸು ಹಾಕಿ ಏರಿಸಬೇಕು. ಎರಿ ಮಣ್ಣು ಒಮ್ಮೆ ನೆಂದರೆ ವಾರ ಒಣಗಲ್ಲ. ಕೋಳಿ ಕಾಲಿಗೆ ಮಣ್ಣಿನ ಚಪ್ಪಲಿ ಹಾಕಿಕೊಂಡಂಗೆ ನಡೀತಾವು. ಹಸಿ ಆದರೆ ವಾಸನೆ, ವಾಸನೆ ಆದರೆ ವಿದ್ಯಾನಗರದವರಿಗೆ ನಿದ್ದೆ ಇಲ್ಲ.

ಒಳಗೆ ನಾಲ್ಕು ಇಂಚು ಭತ್ತದ ಹೊಟ್ಟು ಅಥವಾ ಶೇಂಗಾ ಸಿಪ್ಪಿ ಹಾಸಿ. ವಾರಕ್ಕೆರಡು ಸಲ ಕೈಗುದ್ದಲಿಯಿಂದ ಕೆದರಿ, ಮೇಲೆ ಒಂದು ಹಿಡಿ ಸುಣ್ಣದ ಪುಡಿ. ಒಣಗಿದ್ದರೆ ವಾಸನೆಯೇ ಬರಲ್ಲ. ಒಂದು ಮೂಲೆಯಲ್ಲಿ ಒಲೆ ಬೂದಿ, ಮಣ್ಣು ಕಲೆಸಿ ಇಡಿ, ಅದರಲ್ಲಿ ಹೊರಳಾಡಿ ಹೇನು ತಾವೇ ಕಳೆದುಕೊಳ್ಳುತ್ತವೆ.

ಬ್ಯಾಡಗಿ ಕಾಯಿ · ಮೇ 16

ಯಾರೂ ನಮ್ಮೂರ ಮೆಣಸಿನಕಾಯಿ ನೆನಪು ಮಾಡಲಿಲ್ಲವಲ್ಲ! ಕೋಳಿಗೆ ಖಾರ ಹತ್ತುವುದಿಲ್ಲ. ನಮ್ಮ ನಾಲಿಗೆ ಉರಿಸುವ ಅಂಶ ಹಕ್ಕಿಗಳಿಗೆ ತಾಕುವುದೇ ಇಲ್ಲ. ಬ್ಯಾಡಗಿ ಕಾಯಿಯಲ್ಲಿ ಹೇಗೂ ಖಾರ ಕಡಿಮೆ, ಬಣ್ಣ ಜಾಸ್ತಿ, 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕ ಕಾಯಿ ಅದು. ವಾರಕ್ಕೆ ಎರಡು ಮೂರು ಸಲ ಒಂದು ಚಿಟಿಕೆ ಪುಡಿ ಫೀಡಿಗೆ ಬೆರೆಸುತ್ತೇನೆ. ತತ್ತಿ ಒಡೆದರೆ ಒಳಗೆ ಸಂಜೆ ಸೂರ್ಯ. ದೊಡ್ಡ ಫಾರಂನವರೂ ಹಳದಿಗೆ ಬಣ್ಣ ಬರಲಿ ಅಂತ ಮೆಣಸಿನಕಾಯಿ ಬಣ್ಣದ ಸಾರ ಬಳಸುತ್ತಾರೆ. ಅದಕ್ಕೇ ಬಣ್ಣ ನೋಡಿ "ಇದು ಜವಾರಿ" ಅಂತ ದುಪ್ಪಟ್ಟು ರೇಟು ಕೊಡಬೇಡಿ.

ಲಕ್ಷ್ಮೇಶ್ವರ ದವಾಖಾನಿ · ಮೇ 16

ನಿಜ. ಬಿಳಿ ಜೋಳವನ್ನೇ ಹಾಕುವ ಮನೆಗಳಲ್ಲಿ ಹಳದಿ ತೆಳು ಬಣ್ಣ ಇರುತ್ತದೆ, ಗೋವಿನಜೋಳ ಹಾಕಿದರೆ ಗಟ್ಟಿ ಹಳದಿ. ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪು ಹಾಕಿದರೂ ಬರುತ್ತದೆ. ಬಣ್ಣಕ್ಕೂ ಸತ್ವಕ್ಕೂ ನೇರ ಸಂಬಂಧ ಇಲ್ಲ.

ಬಣ್ಣದ ಮಾತು ಬಂತು ಅಂತ ಒಂದು ಹಳೆಯ ಕೇಸು ನೆನಪಾಯಿತು. ಒಬ್ಬರು ತತ್ತಿ ತಂದು ಒಡೆದು ತೋರಿಸಿದರು. ಹಳದಿ ಇರಬೇಕಾದದ್ದು ಕಂದು-ಹಸಿರು. ಮಾಟ ಮಾಡಿಸಿದ್ದಾರೆ ಅಂತ ಅವರಿಗೆ ಭಯ. ವಿಚಾರಿಸಿದರೆ ಎಮ್ಮೆಗೆ ತಂದ ಹತ್ತಿಕಾಳು ಹಿಂಡಿಯನ್ನೇ ಕೋಳಿಗೂ ಹಾಕುತ್ತಿದ್ದರು. ಹತ್ತಿಕಾಳಿನಲ್ಲಿ ಗಾಸಿಪಾಲ್ ಅನ್ನುವ ಅಂಶ ಇದೆ, ಎಮ್ಮೆ ತಡೆದುಕೊಳ್ಳುತ್ತದೆ, ಕೋಳಿಗೆ ಒಳ್ಳೆಯದಲ್ಲ. ನಮ್ಮ ಕಡೆ ಹತ್ತಿ ಹಿಂಡಿ ಮನೆಮನೆಯಲ್ಲಿ ಇರುತ್ತದೆ, ಹುಷಾರು. ಶೇಂಗಾ ಹಿಂಡಿ ಹಾಕಬಹುದು, ಆದರೆ ಬೂಸ್ಟು ಹಿಡಿದದ್ದು ಬೇಡವೇ ಬೇಡ. ಆ ಬೂಸ್ಟಿನ ವಿಷ ಕೋಳಿಯ ಯಕೃತ್ತು ತಿನ್ನುತ್ತದೆ. ಉಪ್ಪಿನಕಾಯಿ, ಬೇಯಿಸದ ಬೇಳೆಕಾಳು, ಹಸಿರಾದ ಆಲೂಗಡ್ಡೆ ಸಿಪ್ಪೆ, ಇವೂ ಬೇಡ.

ಸತ್ತೂರು ಹಿತ್ತಲು · ಜೂನ್ 17

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಸ್ವರ್ಣಧಾರ ತಂದೆವು, ಹನ್ನೆರಡು ವಾರದವು. ಕಾಕಾ ಅವರ ಮಾತಿಗೆ ಅತ್ತೆ ಕರಗಿ ಒಂದು ಜವಾರಿ ಹೇಂಟೆಯನ್ನೂ ತರಿಸಿದ್ದಾರೆ. ಅದನ್ನು ಎರಡು ವಾರ ಬೇರೆ ಕಡೆ ಬುಟ್ಟಿಯಲ್ಲಿಟ್ಟು, ರೋಗ ಇಲ್ಲ ಅಂತ ನೋಡಿ ಆಮೇಲೆ ಬಿಡುತ್ತೇವೆ. ಗೂಡು ಒಂದೇ ಅಂತಸ್ತು. ಅರ್ಧ ಇಂಚು ಮೆಶ್. ಯಜಮಾನರ ನಕ್ಷೆ ಗೋಡೆ ಮೇಲೆ ಇದೆ.

ಸತ್ತೂರು ಹಿತ್ತಲು · ಸೆಪ್ಟೆಂಬರ್ 13

ಮೊದಲ ತತ್ತಿ ಬಂತು! ಸ್ವರ್ಣಧಾರದ್ದು. ಬಂದದ್ದು ಯಾವಾಗ ಗೊತ್ತಾ, ಮನೆಯಲ್ಲಿ ಗಣಪತಿ ಕೂತಿರುವಾಗ. ಐದು ದಿನ ಯಾರೂ ಮುಟ್ಟುವ ಹಾಗಿಲ್ಲ. ಮಕ್ಕಳು ದಿನಾ ಫ್ರಿಜ್ಜು ತೆಗೆದು ನೋಡಿ ಮುಚ್ಚುತ್ತಿದ್ದರು. ಗಣಪತಿ ಕಳಿಸಿದ ಮಾರನೇ ದಿನ ಐದು ತತ್ತಿ, ಮನೆಯವರೆಲ್ಲ ಒಂದೊಂದು.

ಸತ್ತೂರು ಹಿತ್ತಲು · ಅಕ್ಟೋಬರ್ 20

ಈಗ ಸಮಸ್ಯೆ. ಸಿಪ್ಪೆ ತುಂಬಾ ತೆಳು. ಎರಡು ತತ್ತಿ ಸಿಪ್ಪೆಯೇ ಇಲ್ಲದೆ ಬಂದವು, ನೀರು ತುಂಬಿದ ಬಲೂನಿನ ಹಾಗೆ. ನಿನ್ನೆ ಒಂದು ಕೋಳಿ ತತ್ತಿ ಒಡೆದು ತಿನ್ನುತ್ತಿತ್ತು. ತತ್ತಿ ಕೋಳಿಗೆ ಅಂತಲೇ ಬರುವ ಫೀಡು, ಲೇಯರ್ ಮ್ಯಾಶನ್ನೇ ಹಾಕುತ್ತಿದ್ದೇನೆ. ಮತ್ತೆ ಯಾಕೆ ಹೀಗೆ?

ಲಕ್ಷ್ಮೇಶ್ವರ ದವಾಖಾನಿ · ಅಕ್ಟೋಬರ್ 20

ಮ್ಯಾಶ್ ಜೊತೆ ಇನ್ನೇನು ಹಾಕುತ್ತೀರಿ? ಎಲ್ಲ ಬರೆಯಿರಿ, ಮಕ್ಕಳು ಹಾಕುವುದನ್ನೂ.

ಸತ್ತೂರು ಹಿತ್ತಲು · ಅಕ್ಟೋಬರ್ 20

ಬೆಳಗ್ಗೆ ಅತ್ತೆ ಗೋವಿನಜೋಳದ ನುಚ್ಚು ಹಾಕುತ್ತಾರೆ. ಮಧ್ಯಾಹ್ನ ಉಳಿದ ಅನ್ನ, ನೆನೆಸಿದ ಒಣ ರೊಟ್ಟಿ. ಮಕ್ಕಳು ಶಾಲೆಯಿಂದ ಬಂದು ಚುರಮರಿ. ಬರೆದು ನೋಡಿದ ಮೇಲೆ ನನಗೇ ಅರ್ಥ ಆಯಿತು ಸಾಹೇಬ್ರೇ.

ಲಕ್ಷ್ಮೇಶ್ವರ ದವಾಖಾನಿ · ಅಕ್ಟೋಬರ್ 21

ಆಯಿತಲ್ಲ. ಲೇಯರ್ ಮ್ಯಾಶ್‌ನಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಮೂರೂವರೆಯಿಂದ ನಾಲ್ಕು ಪರ್ಸೆಂಟ್ ಇರುತ್ತದೆ. ರೊಟ್ಟಿ, ಚುರಮರಿಯಲ್ಲಿ ಏನೂ ಇಲ್ಲ. ಹೊಟ್ಟೆ ರೊಟ್ಟಿಯಿಂದ ತುಂಬಿದರೆ ಮ್ಯಾಶ್ ಯಾರು ತಿನ್ನುತ್ತಾರೆ? ಮಕ್ಕಳು ಚಕ್ಕುಲಿ ತಿಂದು ಊಟ ಬಿಟ್ಟಂತೆ.

ಬೆಳಗ್ಗೆಯಿಂದ ಮ್ಯಾಶ್ ಮಾತ್ರ. ನುಚ್ಚು, ರೊಟ್ಟಿ ಸಂಜೆ ಒಂದು ಹಿಡಿ. ಬೇರೆ ಡಬ್ಬಿಯಲ್ಲಿ ಚಿಪ್ಪಿನ ನುಚ್ಚು ಇಡಿ, ಫೀಡಿನ ಅಂಗಡಿಯಲ್ಲಿ ಶೆಲ್ ಗ್ರಿಟ್ ಅಂತ ಕೇಳಿ. ಸಿಪ್ಪೆ ರಾತ್ರಿ ಕಟ್ಟುವುದರಿಂದ ಅವು ಸಂಜೆ ಹೊತ್ತಿಗೆ ಅದನ್ನು ತಾವೇ ಹುಡುಕಿಕೊಂಡು ಹೋಗುತ್ತವೆ. ಮನೆಯ ತತ್ತಿ ಸಿಪ್ಪೆಯನ್ನೂ ಕೊಡಬಹುದು, ಚೆನ್ನಾಗಿ ಒಣಗಿಸಿ ಪುಡಿ ಮಾಡಿ. ದೊಡ್ಡ ಚೂರು ಹಾಕಿ "ಇದು ತತ್ತಿ" ಅಂತ ನೀವೇ ಪಾಠ ಮಾಡಬೇಡಿ. ಒಂದು ಮಾತು, ಲೇಯರ್ ಮ್ಯಾಶ್ ಚಿಕ್ಕ ಮರಿಗೆ ಹಾಕಬಾರದು, ಅಷ್ಟು ಸುಣ್ಣ ಮೂತ್ರಪಿಂಡಕ್ಕೆ ಹೊರೆ.

ಕೇಶ್ವಾಪುರ ಮಹಡಿ · ಅಕ್ಟೋಬರ್ 21

ತತ್ತಿ ತಿನ್ನುವ ಚಟಕ್ಕೆ: ಡಬ್ಬಿಯಲ್ಲಿ ಒಂದು ಗಾಲ್ಫ್ ಬಾಲ್ ಇಡಿ. ಎರಡು ದಿನ ಕುಕ್ಕಿ ಕುಕ್ಕಿ ಕೊಕ್ಕು ನೊಂದು ಬಿಡುತ್ತವೆ. ದಿನಕ್ಕೆ ಎರಡು ಮೂರು ಸಲ ತತ್ತಿ ಎತ್ತಿಕೊಳ್ಳಿ.

ಸತ್ತೂರು ಹಿತ್ತಲು · ನವೆಂಬರ್ 24

ಸಿಪ್ಪೆ ಸರಿಯಾಯಿತು. ಹದಿನೈದು ದಿನ ಹಿಡಿಯಿತು.

ಆದರೆ ಒಂದು ಸ್ವರ್ಣಧಾರ ಹೋಯಿತು. ನಾವು ಮದುವೆಗೆ ಹೋಗಿ ರಾತ್ರಿ ತಡವಾಗಿ ಬಂದೆವು. ಚಿಲಕ ಹಾಕಿದ್ದೇನೆ ಅಂತ ನಾನು ಅಂದುಕೊಂಡೆ, ಅವರು ಹಾಕಿದ್ದಾರೆ ಅಂತ ಅವರು. ಬೆಳಗ್ಗೆ ಗರಿ ಮಾತ್ರ ಇತ್ತು. ರಾಣೆಬೆನ್ನೂರಿನವರ ಮಾತು ಓದಿ ಅರ್ಧ ಇಂಚು ಮೆಶ್ ಹಾಕಿಸಿದ್ದೆವು, ಬಾಗಿಲನ್ನೇ ತೆರೆದಿಟ್ಟಿದ್ದೆವು. ಅತ್ತೆ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಜವಾರಿ ಕಥೆ. ಅದು ಕಾಂಪೌಂಡ್ ಹಾರಿ ಪಕ್ಕದ ಅಜ್ಜಿಯ ತುಳಸಿ ಕಟ್ಟೆ ಏರಿ ಮಣ್ಣೆಲ್ಲ ಕೆದರಿಟ್ಟಿತು. ಕಾರ್ತಿಕದಲ್ಲಿ! ಅಜ್ಜಿ ಎರಡು ದಿನ ಮಾತಾಡಲಿಲ್ಲ. ಈಗ ಮಾತಾಡುತ್ತಾರೆ, ಕೋಳಿ ವಿಷಯ ಬಿಟ್ಟು.

ಹಳೇ ಹುಬ್ಬಳ್ಳಿ ಕಾಕಾ · ನವೆಂಬರ್ 24

ತಂಗೀ, ಒಂದೇ ರೆಕ್ಕೆಯ ಉದ್ದ ಗರಿ ಕತ್ತರಿಸು. ಎರಡೂ ಬೇಡ. ಒಂದು ಕಡೆ ಕತ್ತರಿಸಿದರೆ ಹಾರುವಾಗ ತೂಕ ತಪ್ಪಿ ಅಲ್ಲೇ ಬೀಳುತ್ತದೆ. ಉಗುರು ಕತ್ತರಿಸಿದಂಗೆ, ನೋಯಲ್ಲ. ಹೊಸದಾಗಿ ಬರುತ್ತಿರುವ ಗರಿಯಲ್ಲಿ ರಕ್ತ ಇರುತ್ತದೆ, ಅದನ್ನು ಮಾತ್ರ ಮುಟ್ಟಬೇಡ. ತುಳಸಿ ಕಟ್ಟೆಗೆ ನೀನೇ ಹೋಗಿ ಹೊಸ ಮಣ್ಣು ಹಾಕಿ ಬಾ.

ಸತ್ತೂರು ಹಿತ್ತಲು · ಡಿಸೆಂಬರ್ 18

ಮೂರು ಸ್ವರ್ಣಧಾರದಿಂದ ದಿನಕ್ಕೆ ಎರಡು ಬರುತ್ತಿದ್ದದ್ದು ಈಗ ಒಂದು, ಕೆಲವು ದಿನ ಸೊನ್ನೆ. ಜವಾರಿ ಹದಿನೇಳು ದಿನದಿಂದ ಖಾಲಿ ಡಬ್ಬಿ ಮೇಲೆ ಕಾವಿಗೆ ಕೂತಿದೆ. ಮೂಗಿಗೆ ಗರಿ ಚುಚ್ಚಿದರೆ ಏಳುತ್ತದೆ ಅಂತ ಯಾರೋ ಹೇಳಿದರು. ಹೌದಾ?

ಲಕ್ಷ್ಮೇಶ್ವರ ದವಾಖಾನಿ · ಡಿಸೆಂಬರ್ 18

ಗರಿ ಚುಚ್ಚುವುದು ಬೇಡ. ಹಳ್ಳಿಯಲ್ಲಿ ಮಾಡುತ್ತಾರೆ, ಅದು ಹಿಂಸೆ. ಕಾವು ಅಂದರೆ ಹೊಟ್ಟೆ ಕೆಳಗಿನ ಬಿಸಿ. ಕೆಳಗಿನಿಂದ ಗಾಳಿ ಆಡುವ ಹಾಗೆ ಮೆಶ್ ತಳದ ಪೆಟ್ಟಿಗೆಯಲ್ಲಿ ಮೂರು ನಾಲ್ಕು ದಿನ ಇಡಿ. ಹಾಸಿಗೆ ಬೇಡ, ನೀರು ಫೀಡು ಇರಲಿ. ತಾನಾಗೇ ಮರೆಯುತ್ತದೆ.

ತತ್ತಿ ಕಡಿಮೆ ಆಗಿದ್ದು ಬೆಳಕಿನಿಂದ. ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮ ಕಡೆ ಈಗ ಹಗಲು ಹನ್ನೊಂದು ಕಾಲು ಗಂಟೆ ಮಾತ್ರ. ಗೂಡಲ್ಲಿ ಒಂದು ಚಿಕ್ಕ ಎಲ್‌ಇಡಿ ಬಲ್ಬು ಹಾಕಿ, ಬೆಳಗ್ಗೆ ನಾಲ್ಕಕ್ಕೆ ಹೊತ್ತಿಸಿ. ಸಂಜೆ ಹಾಕಿ ತಟ್ಟನೆ ಆರಿಸಿದರೆ ಅವು ಕಟ್ಟಿಗೆ ಏರಲಾಗದೆ ಕತ್ತಲಲ್ಲಿ ಕಕ್ಕಾಬಿಕ್ಕಿ ಆಗುತ್ತವೆ. ಅಥವಾ ಬಿಡಿ, ಎರಡು ತಿಂಗಳು ಅವೂ ಸುಧಾರಿಸಿಕೊಳ್ಳಲಿ. ನಾನಾದರೆ ಬಿಡುತ್ತೇನೆ.

ಸತ್ತೂರು ಹಿತ್ತಲು · ಜನವರಿ 9

ಜವಾರಿ ಎದ್ದಿದೆ. ಪೆಟ್ಟಿಗೆ ಇರಲಿಲ್ಲ, ಅತ್ತೆ ಎರಡು ಇಟ್ಟಿಗೆ ಮೇಲೆ ಮೆಶ್ ತುಂಡು ಇಟ್ಟು, ಅದರ ಮೇಲೆ ತಮ್ಮ ಬುಟ್ಟಿ ಡಬ್ಬು ಹಾಕಿದರು. ನಾಲ್ಕೇ ದಿನ. "ನಾ ಮೊದಲೇ ಬುಟ್ಟಿ ಅಂದಿದ್ನಿ" ಅಂತ ದಿನಾ ಕೇಳುತ್ತಿದ್ದೇನೆ.

ಈಗ ಲಸಿಕೆ ವಿಷಯ. ಬೇಸಿಗೆಗೆ ಮುಂಚೆ ಕೊಕ್ಕರೆ ರೋಗಕ್ಕೆ ಮತ್ತೆ ಹಾಕಿಸಬೇಕು ಅಂತಿದ್ದೇವೆ. ಔಷಧಿ ಅಂಗಡಿಯಲ್ಲಿ ಕೇಳಿದರೆ ಲಸೋಟಾ ಬಾಟಲಿ 100 ಕೋಳಿಯದು. ನಮ್ಮಲ್ಲಿರುವುದು ನಾಲ್ಕು.

ನವನಗರ ಲೆಕ್ಕಪತ್ರ · ಜನವರಿ 9

ಹಂಚಿಕೊಳ್ಳೋಣ. ನನ್ನವು ಆರು. ನವನಗರ ಹುಬ್ಬಳ್ಳಿ, ಧಾರವಾಡ ಎರಡಕ್ಕೂ ನಡುವೆ ಇದೆ, ನಮ್ಮ ಮನೆಗೇ ಬನ್ನಿ.

ಹಳೇ ಹುಬ್ಬಳ್ಳಿ ಕಾಕಾ · ಜನವರಿ 9

ನನ್ನವು 22. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಈ ರೋಗಕ್ಕೆ ಇದ್ದದ್ದೆಲ್ಲ ಹೋಗಿ ಮೂರು ಉಳಿದಿದ್ದವು. ಹಸಿರು ಭೇದಿ, ಕುತ್ತಿಗೆ ತಿರುವಿ ಬೀಳುವುದು, ನಾಲ್ಕೇ ದಿನ. ಜವಾರಿಗೆ ರೋಗ ಬರಲ್ಲ ಅಂತ ನಾನೂ ನಂಬಿದ್ದೆ.

ಕೇಶ್ವಾಪುರ ಮಹಡಿ · ಜನವರಿ 10

ನನ್ನವು 3. ಈ ಸಲ ಹೇಂಟೆಗಳೇ, ನೋಡಿ ತಂದಿದ್ದೇನೆ!

ಲಕ್ಷ್ಮೇಶ್ವರ ದವಾಖಾನಿ · ಜನವರಿ 10

ಒಳ್ಳೆಯ ಏರ್ಪಾಡು. ಬಾಟಲಿಯನ್ನು ಅಂಗಡಿಯಿಂದಲೇ ಐಸ್ ಹಾಕಿದ ಥರ್ಮಾಸ್‌ನಲ್ಲಿ ತನ್ನಿ, ಎರಡರಿಂದ ಎಂಟು ಡಿಗ್ರಿ ತಪ್ಪಬಾರದು. ಬಾಟಲಿ ಜೊತೆ ಬರುವ ದ್ರವದಲ್ಲೇ ಕಲೆಸಿ, ನಲ್ಲಿ ನೀರು ಬೇಡ, ಕ್ಲೋರಿನ್‌ಗೆ ಲಸಿಕೆ ಸಾಯುತ್ತದೆ. ಕಲೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. ಕಣ್ಣಿಗೆ ಒಂದು ಹನಿ, ಕೋಳಿ ಕಣ್ಣು ಮಿಟುಕಿಸುವ ತನಕ ಹಿಡಿದುಕೊಳ್ಳಿ. ಮಂಕಾಗಿರುವ ಕೋಳಿಗೆ ಹಾಕಬೇಡಿ. ಖಾಲಿ ಬಾಟಲಿ ಕುದಿಸಿ ಆಮೇಲೆ ಬಿಸಾಡಿ.

ನವನಗರ ಲೆಕ್ಕಪತ್ರ · ಜನವರಿ 10

ಭಾನುವಾರ ಬೆಳಗ್ಗೆ ಆರಕ್ಕೆ ಸರಿಯಾಗಿ ಕಲೆಸುತ್ತೇನೆ. ಚಿಕ್ಕ ಹನಿ ಬಾಟಲಿ ಮತ್ತು ಐಸ್ ಇರುವ ಡಬ್ಬಿ ನೀವೇ ತನ್ನಿ. ನಿಮ್ಮ ನಿಮ್ಮ ಪಾಲಿನ ಲಸಿಕೆ ತೆಗೆದುಕೊಂಡು ಆರೂಕಾಲಿಗೆ ಎಲ್ಲರೂ ಹೊರಡಬೇಕು. 4, 6, 22, 3. ಒಟ್ಟು 35. ಇನ್ನೂ 65 ಕೋಳಿಗೆ ಆಗುತ್ತದೆ, ಯಾರಾದರೂ ಇದ್ದೀರಾ?

ವಿದ್ಯಾನಗರ ನಿದ್ದೆಗೆಟ್ಟವ · ಜನವರಿ 11

ನಮ್ಮ ಪಕ್ಕದ ಮನೆಯವರದು ಏಳು ಇವೆ. ಅವರಿಗೆ ಈ ಮಾತು ತೋರಿಸಿದೆ, ಬರುತ್ತಾರಂತೆ. ನನ್ನ ಸ್ಕೂಟರಿನಲ್ಲೇ ಬರುತ್ತೇವೆ. ಒಂದು ಪ್ರಶ್ನೆ ಸಾಹೇಬ್ರೇ, ಹುಂಜಕ್ಕೂ ಹಾಕಲೇಬೇಕಾ?

ಲಕ್ಷ್ಮೇಶ್ವರ ದವಾಖಾನಿ · ಜನವರಿ 11

ಹುಂಜಕ್ಕೂ ಹಾಕಬೇಕು.